ಅಮ್ಮನ ಅರ್ಧ ಗಂಟೆ ವಾಪಸು ಕೊಡಿ

ಮಗ ಜಿಮ್ಮಿಗೆ ಸೇರಿದ ತಿಂಗಳು ಮನೆಯಲ್ಲಿ ಏನೇನಾಗುತ್ತದೆ ನೋಡಿ. ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿಯಾಗುತ್ತದೆ. ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ಬರುತ್ತದೆ. ಬೆಳಿಗ್ಗೆ ಎದ್ದರೆ ಮೊಟ್ಟೆ ಬೇಯುತ್ತಿರುತ್ತವೆ. ಬೇಯಿಸುವವಳು ಅಮ್ಮ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವವಳು, ನೆಲದಲ್ಲಿ ಕೂತರೆ ಏಳಲು ಯಾರದಾದರೂ ಕೈ ಬೇಕಾದವಳು. ಅವಳ ತೂಕದ ಮೇಲೆ ಮನೆಯ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಜೋಕು ಇದೆ. ಅವಳ ತೂಕ ಇಳಿಸಲು, ಅವಳ ಕಾಲಿಗೆ ಬಲ ತುಂಬಲು ಆ ಮನೆ ಇದುವರೆಗೆ ಒಂದು ರೂಪಾಯಿಯನ್ನಾಗಲಿ, ಒಂದು ಬೆಳಗನ್ನಾಗಲಿ ಖರ್ಚು ಮಾಡಿಲ್ಲ.

ಗಂಡಂದಿರೇ, ಗಂಡುಮಕ್ಕಳೇ, ಹೆಣ್ಣುಮಕ್ಕಳೇ, ನಿಮಗೇ ಹೇಳುತ್ತಿದ್ದೇನೆ. ಅವಳ ತೂಕದಲ್ಲಿ ನಿಮ್ಮ ಪಾಲಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅಧಿಕ ತೂಕದವರು ಶೇ. 23ರಷ್ಟಿದ್ದರು. 2019-21ರ ಹೊತ್ತಿಗೆ ಅದು ಶೇ. 30 ಆಯಿತು. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಈ ಎರಡನ್ನೂ ಒಟ್ಟಿಗಿಟ್ಟು ಓದಬೇಕು. ತುಂಬಾ ತಿಂದು ಕೊಬ್ಬಿದವರ ಕಥೆ ಇದಲ್ಲ. ಹೊಟ್ಟೆ ತುಂಬಿದೆ, ಮೈಗೆ ಬೇಕಾದದ್ದು ಸಿಕ್ಕಿಲ್ಲ. ಸೊಂಟದ ಸುತ್ತಳತೆಯನ್ನು ಹಿಡಿದು ಅದೇ ಸಮೀಕ್ಷೆಯ ಅಂಕಿಗಳನ್ನು ದೇಶದ ಮಟ್ಟದಲ್ಲಿ ಲೆಕ್ಕ ಹಾಕಿದಾಗ ಬೊಜ್ಜು ಹೊಟ್ಟೆ ಕಂಡದ್ದು ಹೆಂಗಸರಲ್ಲಿ ಶೇ. 40, ಗಂಡಸರಲ್ಲಿ ಶೇ. 12. ಒಂದೇ ಮನೆ, ಒಂದೇ ಒಲೆ, ಒಂದೇ ಎಣ್ಣೆ ಡಬ್ಬಿ. ಇಷ್ಟು ಅಂತರವನ್ನು ಬಸಿರು, ಬಾಣಂತನ, ಹಾರ್ಮೋನುಗಳ ಮೇಲಷ್ಟೇ ಹೊರಿಸಿ ಕೈತೊಳೆದುಕೊಳ್ಳಲಾಗದು.

"ದಿನವಿಡೀ ಮನೆಕೆಲಸ ಮಾಡ್ತಾಳಲ್ಲ, ಅದೇ ವ್ಯಾಯಾಮ" ಎನ್ನುವ ಮಾತೊಂದಿದೆ. ಹೇಳುವವರಿಗೆ ಇದರಷ್ಟು ಅನುಕೂಲದ ಮಾತು ಇನ್ನೊಂದಿಲ್ಲ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. (ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ. ಕೈಹಾಕದವರು ಆ ಲೆಕ್ಕದಲ್ಲೇ ಇಲ್ಲ.) ಈ 289 ನಿಮಿಷ ದಣಿಸುತ್ತದೆ, ನಿಜ. ಬಲ ಕೊಡುವುದಿಲ್ಲ. ಸ್ನಾಯುವಿಗೆ ಅಭ್ಯಾಸವಾದದ್ದಕ್ಕಿಂತ ಸ್ವಲ್ಪ ಹೆಚ್ಚು ಭಾರ ಬಿದ್ದಾಗ, ಆಮೇಲೆ ಊಟವೂ ವಿಶ್ರಾಂತಿಯೂ ಸಿಕ್ಕಾಗ ಮಾತ್ರ ಅದು ಬೆಳೆಯುತ್ತದೆ. ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದರಲ್ಲಿ ಹೆಚ್ಚಿನ ಭಾರವೂ ಇಲ್ಲ, ವಿಶ್ರಾಂತಿಯೂ ಇಲ್ಲ. ಹಿಂದೆ ಒನಕೆ, ಬೀಸುವ ಕಲ್ಲು, ಬಾವಿಯ ಹಗ್ಗ ಇದ್ದವು, ಆಗಿನವರು ಗಟ್ಟಿಯಾಗಿದ್ದರು ಎಂದು ನಿಟ್ಟುಸಿರು ಬಿಡುವವರಿಗೆ ಒಂದು ಮಾತು: ನೀವು ಬೀಸಿಲ್ಲ, ನೀವು ಸೇದಿಲ್ಲ. ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು. ಮಿಕ್ಸಿ ಉಳಿಸಿದ ಹೊತ್ತು ಅವಳ ಕೈಗೆ ಬರಲಿಲ್ಲ ಎನ್ನುವುದಷ್ಟೇ ತಕರಾರು.

ಇನ್ನು ಅವಳ ತಟ್ಟೆ. ಭಾನುವಾರ ಬೆಳಿಗ್ಗೆ ಎಲ್ಲರಿಗೂ ಕಾವಲಿಯಿಂದ ಬಿಸಿಬಿಸಿ ದೋಸೆ. ಅವಳು ಕೂರುವಾಗ ಹತ್ತೂವರೆ. ಅಷ್ಟರಲ್ಲಿ ಎರಡು ಲೋಟ ಕಾಫಿ ಹೊಟ್ಟೆಗೆ ಬಿದ್ದಿರುತ್ತದೆ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಾಫಿಯಾದರೆ ಮೂವತ್ತು ಗ್ರಾಂ ದಾಟಿ ಸಕ್ಕರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿರುವ ಮಿತಿ 20ರಿಂದ 25 ಗ್ರಾಂ. ಮಧ್ಯಾಹ್ನ ಹುಳಿಯ ತಳದಲ್ಲಿದ್ದ ಬೇಳೆ, ಪಲ್ಯದ ಕಾಳು ಮಕ್ಕಳಿಗೆ ಬಡಿಸಿಯಾಯಿತು. ಅವಳಿಗೆ ಮಿಕ್ಕದ್ದು ಅನ್ನ, ತಿಳಿಸಾರು, ಉಪ್ಪಿನಕಾಯಿ. ಪಾತ್ರೆಯಲ್ಲಿ ಹಿಡಿ ಅನ್ನ ಉಳಿದಿದೆಯೇ? ಚೆಲ್ಲಬಾರದೆಂದು ಅದೂ ಅವಳ ಹೊಟ್ಟೆಗೆ. ನಿನ್ನೆಯ ಚಿತ್ರಾನ್ನವೂ ಅವಳಿಗೆ. ಮನೆಯವರು ತಮ್ಮ ತಮ್ಮ ಅಳತೆ ಹೇಳದೆ ಎದ್ದುಹೋದದ್ದರ ದಂಡವನ್ನು ಅವಳ ಸೊಂಟ ಕಟ್ಟುತ್ತದೆ. ಶನಿವಾರ ಒಪ್ಪತ್ತು ಬೇರೆ, ರಾತ್ರಿ ಸಬ್ಬಕ್ಕಿ ಉಪ್ಪಿಟ್ಟು. ದೇವರಿಗೆ ಸಬ್ಬಕ್ಕಿಯ ಮೇಲೆ ಯಾಕಿಷ್ಟು ಮೋಹವೋ, ಬರೀ ಪಿಷ್ಟ ಅದು.

ಅರವತ್ತು ಕಿಲೋ ತೂಗುವ ಹೆಂಗಸಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಇದಕ್ಕೆ ಡಬ್ಬಿ ಬೇಡ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಇದೆ, ತೊಗರಿಬೇಳೆಯಲ್ಲೂ ಸುಮಾರು ಅಷ್ಟೇ, ಕಡಲೆಕಾಯಿಯಲ್ಲಿ ಅದಕ್ಕಿಂತ ಹೆಚ್ಚು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಆರು. ಮೊಳಕೆ ಹುರುಳಿಯ ಬಸ್ಸಾರು ಮಾಡಿದ ದಿನ ಕಾಳೆಲ್ಲ ಯಾರ ತಟ್ಟೆಗೆ ಹೋಯಿತು ಎಂದು ಒಮ್ಮೆ ಕಣ್ಣು ಹಾಯಿಸಿ. ನಮ್ಮ ಅಡುಗೆಮನೆಯಲ್ಲಿ ಎಲ್ಲ ಇದೆ: ಹೆಸರುಬೇಳೆ ಕೋಸಂಬರಿ, ಅವರೆಕಾಳು ಉಸಲಿ, ಮೊಸರು, ಸೊಪ್ಪು, ಮೀನು ತಿನ್ನುವ ಕರಾವಳಿಯಲ್ಲಿ ಮೀನು. ತಪ್ಪಿರುವುದು ಬಡಿಸುವ ಸರತಿ. ಅವಳ ತಟ್ಟೆಗೆ ಮೊದಲು ಕಾಳು, ಪಲ್ಯ. ಆಮೇಲೆ ಮುದ್ದೆಯೋ ಅನ್ನವೋ, ಈಗಿನದಕ್ಕಿಂತ ಒಂದು ಹಿಡಿ ಕಡಿಮೆ. ಕಾಫಿಗೆ ಸಕ್ಕರೆ ಅರ್ಧ. ಸಂಜೆಯ ಬಿಸ್ಕತ್ತು, ನಿಪ್ಪಟ್ಟಿನ ಜಾಗದಲ್ಲಿ ಹುರಿದ ಕಡಲೆ. ಊಟ ಬಿಟ್ಟು ಹಸಿದು ಒಂದು ತಿಂಗಳಲ್ಲಿ ಎಂಟು ಕಿಲೋ ಇಳಿಸುವ ಹುಚ್ಚು ಬೇಡವೇ ಬೇಡ. ಹಾಗೆ ಇಳಿದ ತೂಕದಲ್ಲಿ ಸ್ನಾಯುವೂ ಕರಗಿಹೋಗಿರುತ್ತದೆ, ಆಮೇಲೆ ಮರಳಿ ಬರುವುದು ಹೆಚ್ಚಾಗಿ ಕೊಬ್ಬು. ವಾರಕ್ಕೆ ಕಾಲೋ ಅರ್ಧವೋ ಕಿಲೋ ಇಳಿದರೆ ಧಾರಾಳವಾಯಿತು. ಮೊಣಕಾಲು ಸವೆದವರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಕಂಡದ್ದು: ಮೈಯಿಂದ ಒಂದು ಕಿಲೋ ಇಳಿದರೆ ಇಡುವ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ತಗ್ಗುತ್ತದೆ.

ಆದರೆ ನನಗೆ ಅವಳ ತೂಕಕ್ಕಿಂತ ಅವಳ ಬಲದ ಚಿಂತೆ ಹೆಚ್ಚು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಸ್ನಾಯು ಕರಗುತ್ತದೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ. ಅದು ಕಡಿಮೆಯಾದರೆ ಸಕ್ಕರೆ ಕಾಯಿಲೆಗೆ ಬಾಗಿಲು ತೆರೆದ ಹಾಗೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಆಗ ಆಸ್ಪತ್ರೆಗೆ ಲಕ್ಷಗಟ್ಟಲೆ ಸುರಿಯಲು ನಾವು ಹಿಂದೆಮುಂದೆ ನೋಡುವುದಿಲ್ಲ.

ಬಲ ಬೆಳೆಸುವ ವಿದ್ಯೆಯೇನೂ ಕನ್ನಡನಾಡಿಗೆ ಹೊಸತಲ್ಲ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದರು, ಗದೆ ತಿರುಗಿಸಿದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇವತ್ತಿಗೂ ಸಂಗ್ರಾಣಿ ಕಲ್ಲು ಎತ್ತುತ್ತಾರೆ. 'ಶಾಂತಲಾ', 'ರೂಪದರ್ಶಿ' ಬರೆದ ಕೆ.ವಿ. ಅಯ್ಯರ್ ಕಾದಂಬರಿಕಾರರಾಗುವ ಮೊದಲೇ ಹೆಸರಾಂತ ದೇಹದಾರ್ಢ್ಯ ಪಟು. ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಿಂದ ಅಂಚೆಯ ಮೂಲಕ ಕಸರತ್ತಿನ ಪಾಠ ಕಳಿಸುತ್ತಿದ್ದರು. ಮನೆಯಲ್ಲೇ ಮಾಡಬಹುದು ಎನ್ನುವುದು ಮೊಬೈಲ್ ಹುಟ್ಟಿಸಿದ ವಿಚಾರವಲ್ಲ. ಆದರೆ ಗರಡಿಯ ಮಣ್ಣನ್ನು ಹೆಣ್ಣು ತುಳಿಯಬಾರದೆಂಬ ಕಟ್ಟಳೆ ಎಷ್ಟೋ ಕಡೆ ಇತ್ತು. ಆ ಕಟ್ಟಳೆ ಈಗ ಮನೆಯೊಳಗೆ ಬೇರೆ ವೇಷದಲ್ಲಿದೆ: "ಈ ವಯಸ್ಸಲ್ಲಿ ನಿನಗ್ಯಾಕೆ?" ಬಸ್ಕಿಯನ್ನಂತೂ ನಾವು ಶಾಲೆಯಲ್ಲಿ ಶಿಕ್ಷೆ ಮಾಡಿಟ್ಟೆವು, ಕಾಲಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ಸಿಗುವುದು ಕಷ್ಟ.

ವಯಸ್ಸಿನ ಮಾತು ಬಂತಲ್ಲ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ತೊಂಬತ್ತಕ್ಕೆ ಆದದ್ದು ನಿಮ್ಮ ಅಮ್ಮನ ಐವತ್ತೆರಡಕ್ಕೆ ಆಗದೇ?

ಬೇಕಾದದ್ದು ಗೋಡೆಗೆ ಒತ್ತಿಟ್ಟ ಒಂದು ಗಟ್ಟಿ ಕುರ್ಚಿ. ಅದರಲ್ಲಿ ಕೂತು, ಕೈ ಊರದೆ ಏಳಬೇಕು, ಮತ್ತೆ ನಿಧಾನವಾಗಿ ಕೂರಬೇಕು. ಧೊಪ್ಪನೆ ಬೀಳಬಾರದು, ಇಳಿಯುವಾಗಲೇ ಕಾಲಿಗೆ ಕೆಲಸ. ಎಂಟೋ ಹತ್ತೋ ಸಲ, ಸುಧಾರಿಸಿಕೊಂಡು ಮತ್ತೊಮ್ಮೆ. ಮೊಣಕಾಲು ನೋವಿದ್ದರೆ ಸೀಟಿನ ಮೇಲೆ ದಪ್ಪ ದಿಂಬು ಇಡಿ, ಬಗ್ಗುವುದು ಕಡಿಮೆಯಾಗುತ್ತದೆ. ಗೋಡೆಗೆ ಕೈಯೂರಿ ದಂಡ. ಕೆಲವು ವಾರಗಳ ನಂತರ ಅಡುಗೆಕಟ್ಟೆಗೆ ಕೈಯೂರಿ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಅರ್ಧ ತುಂಬಿದ ಎರಡು ಬಕೆಟ್ ಹಿಡಿದು ವರಾಂಡದ ಉದ್ದಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುವುದು. ಕೊನೆಯ ಎರಡು ಸಲ ಕಷ್ಟವಾಗಬೇಕು, ಅದೇ ಗುರುತು. ಸಲೀಸಾಯಿತೆಂದರೆ ಎರಡು ಕಿಲೋ ಅಕ್ಕಿಯ ಚೀಲ ಎದೆಗವಚಿಕೊಂಡು ಕುರ್ಚಿಯಿಂದ ಏಳಬೇಕು. ವಾರಕ್ಕೆ ಮೂರು ದಿನ ಇದು, ನಡುವೆ ಒಂದೊಂದು ದಿನ ಬಿಡುವು. ಬಿಡುವಿನ ದಿನ ಬಿರುಸಿನ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಬಲದ ಕಸರತ್ತು. ನಡಿಗೆಯೊಂದನ್ನೇ ಮಾಡಿ ಎಲ್ಲ ಆಯಿತೆಂದುಕೊಳ್ಳುವಂತಿಲ್ಲ. ಎದೆನೋವು, ಹತೋಟಿಗೆ ಬಾರದ ಬಿಪಿ ಇದ್ದವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಬೇಕು. ಇನ್ಯಾವ ನೆಪವೂ ಬೇಡ.

"ಅವಳೇ ಒಲ್ಲೆ ಅಂತಾಳೆ" ಎನ್ನುತ್ತೀರಿ. ಅನ್ನುತ್ತಾಳೆ. ಹಾಲು ಉಕ್ಕುತ್ತಿರುವಾಗ, ಮಗಳ ಡಬ್ಬಿ ಕಟ್ಟುವುದು ಬಾಕಿ ಇರುವಾಗ, ಬಾಗಿಲಲ್ಲಿ ಯಾರೋ ಬೆಲ್ ಒತ್ತುತ್ತಿರುವಾಗ ಚಾಪೆ ಹಾಸು ಎಂದರೆ ಯಾರಾದರೂ ಅದನ್ನೇ ಅನ್ನುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬರುವವಳೂ, ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗುವವಳೂ, ನಿಮ್ಮ ಮನೆಯ ಪಾತ್ರೆ ತೊಳೆದು ತನ್ನ ಮನೆಯ ಪಾತ್ರೆಗೆ ಮರಳುವವಳೂ ಅದನ್ನೇ ಅನ್ನುತ್ತಾರೆ. ನಿಮ್ಮ ಉಪದೇಶ ಅವಳಿಗೆ ಬೇಡ, ವಿಡಿಯೋ ಫಾರ್ವರ್ಡೂ ಬೇಡ. ಬೇಕಾದದ್ದು ಅರ್ಧ ಗಂಟೆ, ಯಾರೂ "ಅಮ್ಮಾ" ಎಂದು ಕೂಗದ ಅರ್ಧ ಗಂಟೆ. ಅವಳು ಬಸ್ಕಿ ಹೊಡೆಯುವಾಗ ನಗಬೇಡಿ, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಪಕ್ಕದಲ್ಲಿ ನಿಂತು ನೀವೂ ಹೊಡೆದರೆ ಇನ್ನೂ ಒಳ್ಳೆಯದು; ನಿಮ್ಮ ಹೊಟ್ಟೆಯೂ ಕಾಣುತ್ತಲೇ ಇದೆ.

ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ತಿಂಡಿ ಅವಳದಲ್ಲ ಎಂದು ಇವತ್ತು ರಾತ್ರಿಯೇ ಮನೆಯಲ್ಲಿ ಹೇಳಿ. ಹೆಸರುಕಾಳನ್ನು ಈಗಲೇ ನೆನೆಹಾಕಿ, ಬೆಳಿಗ್ಗೆ ರುಬ್ಬಿ ಪೆಸರಟ್ಟು ಹುಯ್ಯಿರಿ. ಮೊದಲೆರಡು ಕಾವಲಿಗೆ ಅಂಟುತ್ತವೆ, ಅವನ್ನು ನೀವು ತಿನ್ನಿ. ಮೂರನೆಯದು ಬಿಸಿಯಾಗಿರುವಾಗಲೇ ಅವಳ ತಟ್ಟೆಗೆ ಹಾಕಿ.