ನಿಂತ ಕಾರಿಗೆ ಕಾವಲು: ಒಬ್ಬರ ಬೀಗ, ಎಲ್ಲರ ಹೊಣೆ

ಸಂಜೆಯ ಹೊತ್ತಿಗೆ ಪುಣೆ ಕ್ಯಾಂಪಿಗೆ ಕಾರಿನಲ್ಲಿ ಬರುವವರ ಮೊದಲ ಚಿಂತೆ ಕೊಳ್ಳಬೇಕಾದ ಸಾಮಾನಿನದಲ್ಲ, ಕಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು. 1817ರ ಖಡಕಿ ಯುದ್ಧದ ತರುವಾಯ ಸೈನ್ಯದ ಬಿಡಾರವಾಗಿ ಬೆಳೆದ ಊರು ಇದು; ಆದ್ದರಿಂದಲೇ ಜನರ ಬಾಯಲ್ಲಿ ಇಂದಿಗೂ ಲಷ್ಕರ್. ಮಹಾತ್ಮಾ ಗಾಂಧಿ ರಸ್ತೆ, ಈಸ್ಟ್ ಸ್ಟ್ರೀಟ್, ಸೆಂಟರ್ ಸ್ಟ್ರೀಟ್, ಶಿವಾಜಿ ಮಾರುಕಟ್ಟೆಯ ಸುತ್ತಣ ಗಲ್ಲಿಗಳು ಕುದುರೆಗಾಡಿಗಳ ಕಾಲಕ್ಕೆ ಸಾಕಾಗಿದ್ದವು. ಇಂದು ಅಲ್ಲಿ ಅರ್ಧ ತಾಸು ಸುತ್ತಿದ ಮೇಲೆ ಒಂದು ಕಾರಿನಷ್ಟು ತೆರಪು ಕಂಡರೆ ಅದೇ ಭಾಗ್ಯ. ಆ ಸಂತೋಷದಲ್ಲಿ ಗಾಜು ಪೂರ್ತಿ ಏರಿತೇ, ಬೀಗ ಬಿದ್ದಿತೇ ಎಂದು ತಿರುಗಿ ನೋಡುವವರು ಕಡಿಮೆ. ಬೇಕರಿಯ ಸಾಲಿನಲ್ಲಿ ಶ್ರೂಸ್‌ಬರಿ ಬಿಸ್ಕತ್ತಿಗೆ ಕಾಯುವಷ್ಟು ಹೊತ್ತು ಕಳ್ಳನಿಗೆ ಧಾರಾಳವಾಗಿ ಸಾಕು.

ಮಧ್ಯಮ ವರ್ಗದ ಕುಟುಂಬಕ್ಕೆ ಕಾರು ಇಂದು ವೈಭವದ ವಸ್ತುವಾಗಿ ಉಳಿದಿಲ್ಲ. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಒಯ್ಯುವುದು ಅದರಲ್ಲಿಯೇ, ಹಬ್ಬಕ್ಕೆ ಧಾರವಾಡಕ್ಕೋ ಬೆಳಗಾವಿಗೋ ಹೋಗಿಬರುವುದೂ ಅದರಲ್ಲಿಯೇ. ಕಾರು ಕಳುವಾದರೂ ಬ್ಯಾಂಕಿನ ಸಾಲದ ಕಂತು ನಿಲ್ಲುವುದಿಲ್ಲ. ಕಡ್ಡಾಯವೆಂದು ಮಾಡಿಸಿದ ಮೂರನೆಯ ವ್ಯಕ್ತಿಯ ವಿಮೆಯೊಂದೇ ಇದ್ದರೆ ಕಳವಿಗೆ ಬಿಡಿಗಾಸೂ ದೊರೆಯದು. ಸಮಗ್ರ ವಿಮೆ ಇದ್ದವರಿಗೂ ದೊರೆಯುವುದು ವಯಸ್ಸಿಗೆ ತಕ್ಕಂತೆ ಇಳಿದ ಘೋಷಿತ ಮೌಲ್ಯವೇ ಹೊರತು ಹೊಸ ಕಾರಿನ ಬೆಲೆಯಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದು ಎಂಬ ಎಚ್ಚರ ಇಲ್ಲಿ ಅತ್ಯವಶ್ಯ.

ಆದರೆ ಈ ಎಚ್ಚರವನ್ನು ಪ್ರತಿಯೊಬ್ಬನ ಖಾಸಗಿ ವಿಷಯವೆಂದು ತಿಳಿಯುವ ವಾಡಿಕೆಯೇ ಮೂಲದಲ್ಲಿ ತಪ್ಪು. ಇದಕ್ಕೆ ಇತಿಹಾಸವೇ ಸಾಕ್ಷಿ. ಪಶ್ಚಿಮ ಜರ್ಮನಿಯು 1960ರ ದಶಕದ ಆರಂಭದಲ್ಲಿ ಸ್ಟಿಯರಿಂಗ್ ಬೀಗವನ್ನು ಹೊಸ ಕಾರು, ಹಳೆಯ ಕಾರು ಎಂಬ ಭೇದವಿಲ್ಲದೆ ಎಲ್ಲಕ್ಕೂ ಕಡ್ಡಾಯಗೊಳಿಸಿತು. ಕಳವು ಒಟ್ಟಾರೆಯಾಗಿಯೇ ಇಳಿಯಿತು. ಬ್ರಿಟನ್ 1971ರಿಂದ ಹೊಸ ಕಾರುಗಳಿಗೆ ಮಾತ್ರ ಅದನ್ನು ವಿಧಿಸಿತು. ಅಲ್ಲಿ ಹೊಸ ಕಾರುಗಳೇನೋ ಉಳಿದವು, ಆದರೆ ಕಳ್ಳರು ಬೀಗವಿಲ್ಲದ ಹಳೆಯ ಕಾರುಗಳತ್ತ ತಿರುಗಿದರು. ಉಳ್ಳವನ ಬೀಗವು ಇಲ್ಲದವನ ಮನೆಗೆ ಕಳ್ಳನನ್ನು ಕಳುಹಿಸಿತು ಎಂದರೆ ಅತಿಶಯೋಕ್ತಿಯಲ್ಲ. ಕೇರಿಯ ನಾಲ್ಕು ಮಕ್ಕಳಿಗೆ ಮಾತ್ರ ಲಸಿಕೆ ಹಾಕಿಸಿದರೆ ರೋಗವು ಉಳಿದವರನ್ನು ಹುಡುಕಿಕೊಂಡು ಹೋಗುತ್ತದೆ. ಎಲ್ಲರಿಗೂ ಹಾಕಿಸಿದಾಗಲೇ ರೋಗ ಊರು ಬಿಡುತ್ತದೆ. ಕಳ್ಳತನದ ವಿಷಯದಲ್ಲಿಯೂ ಈ ಆರೋಗ್ಯಸೂತ್ರವೇ ಸಲ್ಲುತ್ತದೆ.

ಹಿಂದೆ ಫಿಯಟ್, ಅಂಬಾಸಿಡರ್ ಕಾರುಗಳ ಕಾಲದಲ್ಲಿ ಜಾಣರು ಎಂಜಿನಿನ ವಿದ್ಯುತ್ತನ್ನು ಕಡಿಯುವ ಗುಪ್ತ ಸ್ವಿಚ್ಚೊಂದನ್ನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಾಕಿಸುತ್ತಿದ್ದರು. 1940ರ ಬ್ರಿಟನ್ನಿನಲ್ಲಂತೂ ಶತ್ರುಸೈನಿಕರ ಕೈಗೆ ವಾಹನ ಸಿಕ್ಕಬಾರದೆಂದು, ಬಿಟ್ಟುಹೋಗುವ ಕಾರನ್ನು ಚಲಿಸದಂತೆ ಮಾಡಿಯೇ ಹೋಗಬೇಕೆಂಬ ಯುದ್ಧಕಾಲದ ನಿಯಮವಿದ್ದಿತು. ಅನೇಕರು ಡಿಸ್ಟ್ರಿಬ್ಯೂಟರಿನ ರೋಟರನ್ನು ಕಳಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಇದೇ ತತ್ತ್ವದ ಮುಂದುವರಿದ ರೂಪವೇ ಇಮ್ಮೊಬಿಲೈಸರ್. ಕೀಲಿಯ ತಲೆಯೊಳಗೆ ಅಡಗಿದ ಸಣ್ಣ ಚಿಪ್ಪು ತನ್ನ ಗುಪ್ತಸಂಕೇತವನ್ನು ಕಾರಿನ ಗಣಕಕ್ಕೆ ತಿಳಿಸಬೇಕು; ಸಂಕೇತ ತಾಳೆಯಾಗದಿದ್ದರೆ ಬೀಗ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳದು. ಯೂರೋಪಿನ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ನೆದರ್ಲೆಂಡ್ಸ್‌ನ ಅಂಕಿಅಂಶಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಸಾಧನದಿಂದ ಕಾರುಗಳ್ಳತನ ಸರಾಸರಿ ಶೇಕಡಾ 40ರಷ್ಟು ತಗ್ಗಿತೆಂದು ಅಂದಾಜು ಮಾಡಿದೆ. ಇದಕ್ಕೆ ವಿರುದ್ಧವಾದ ಪಾಠ ಅಮೆರಿಕದಿಂದ ಬಂದಿತು. ಅಲ್ಲಿ ಇಮ್ಮೊಬಿಲೈಸರ್ ಇಲ್ಲದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು ಸಾಮಾನ್ಯ ಯುಎಸ್‌ಬಿ ತಂತಿಯ ತುದಿಯಿಂದ ಚಾಲೂ ಮಾಡುವ ವಿಧಾನವು 2022ರಲ್ಲಿ ಹುಡುಗರ ಮೊಬೈಲುಗಳಲ್ಲಿ ಹರಡಿ, ಊರೂರುಗಳಲ್ಲಿ ಕಳವಿನ ಪಿಡುಗೇ ಎದ್ದಿತು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಇಮ್ಮೊಬಿಲೈಸರ್ ಕಡ್ಡಾಯವಾಗಿದ್ದುದರಿಂದ ಆ ಉಪಾಯ ಅಲ್ಲಿ ನಡೆಯಲಿಲ್ಲ.

ಹಾಗೆಂದು ಹೊಸ ಕಾರು ಕೊಂಡವರು ನಿಶ್ಚಿಂತರಾಗಿರುವಂತಿಲ್ಲ. ಗುಂಡಿಯೊತ್ತಿ ಚಾಲನೆ ಮಾಡುವ, ಕೀಲಿ ಜೇಬಿನಲ್ಲಿದ್ದರೆ ಸಾಕೆನ್ನುವ ಕಾರುಗಳಿಗೆ ಬೇರೊಂದು ಗಂಡಾಂತರವಿದೆ. ಒಬ್ಬ ಕಳ್ಳ ಮಾಲೀಕನ ಬಳಿ, ಇನ್ನೊಬ್ಬ ಕಾರಿನ ಬಳಿ ಯಂತ್ರ ಹಿಡಿದು ನಿಂತು, ಕೀಲಿಯ ಸಂಕೇತವನ್ನು ದೂರಕ್ಕೆ ಸಾಗಿಸಿ, ಕೀಲಿ ಪಕ್ಕದಲ್ಲಿಯೇ ಇದೆಯೆಂದು ಕಾರನ್ನು ನಂಬಿಸುತ್ತಾರೆ. ಜ್ಯೂರಿಚ್‌ನ ವಿಜ್ಞಾನಿಗಳು 2011ರಲ್ಲಿಯೇ 8 ತಯಾರಕರ 10 ಮಾದರಿಗಳ ಮೇಲೆ ಇದನ್ನು ಪ್ರಯೋಗಿಸಿ ತೋರಿಸಿದರು. ಪರಿಹಾರವು ಸುಲಭ: ಮನೆಯಲ್ಲಿ ಕೀಲಿಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕದೆ ಒಳಕೋಣೆಯಲ್ಲಿ, ಬಿಗಿಯಾದ ಲೋಹದ ಡಬ್ಬಿಯಲ್ಲಿ ಇಡುವುದು; ಹೊರಗೆ ಹೋಗುವಾಗ ಸಂಕೇತ ತಡೆಯುವ ಚೀಲದಲ್ಲಿ ಒಯ್ಯುವುದು. ಡಬ್ಬಿಯ ಪಕ್ಕಕ್ಕೇ ಕೀಲಿಯಿಟ್ಟುಕೊಂಡು ಹೋದಾಗ ಕಾರು ತೆರೆದರೆ ಸಂಕೇತ ಜೀವಂತವಾಗಿದೆಯೆಂದು ಅರ್ಥ. ಡಬ್ಬಿಯೊಳಗಿಟ್ಟು ಇದೇ ಪರೀಕ್ಷೆ ಮಾಡಿದರೆ ಡಬ್ಬಿಯ ಯೋಗ್ಯತೆ ತಿಳಿಯುತ್ತದೆ. ಹಳೆಯದೆಂದು ಮೂಲೆಗೆ ಎಸೆದ ಸ್ಟಿಯರಿಂಗ್ ಸರಳು, ಗೇರಿನ ಬೀಗ, ಕ್ಲಚ್ಚು-ಬ್ರೇಕಿನ ಪೆಡಲುಗಳ ಬೀಗಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ರೇಡಿಯೋ ಸಂಕೇತಕ್ಕೆ ಮರುಳಾಗುವ ಗುಣ ಉಕ್ಕಿಗಿಲ್ಲ.

ಕಣ್ಣಿಗೆ ಕಾಣುವ ಬೀಗ ತನ್ನ ಕಾರನ್ನು ಕಾಯುತ್ತದೆ. ಕಾಣದ ಸಾಧನ ನೆರೆಯವರ ಕಾರನ್ನೂ ಕಾಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1986ರಲ್ಲಿ ಆರಂಭವಾದ ಲೋಜ್ಯಾಕ್ ಎಂಬ ಗುಪ್ತ ರೇಡಿಯೋ ಸಾಧನದ ಬಗೆಗೆ ಅರ್ಥಶಾಸ್ತ್ರಜ್ಞರಾದ ಇಯನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಪಷ್ಟಪಡಿಸಿತು. ಯಾವ ಕಾರಿನಲ್ಲಿ ಅದು ಅಡಗಿದೆಯೆಂದು ತಿಳಿಯದ ಕಾರಣ ಕಳ್ಳನು ಎಲ್ಲ ಕಾರುಗಳಿಗೂ ಅಂಜಬೇಕಾಯಿತು. ಸಾಧನ ಹಾಕಿಸಿದವನಿಗೆ ದೊರೆತದ್ದು ಒಟ್ಟು ಪ್ರಯೋಜನದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ, ಉಳಿದುದೆಲ್ಲ ಸಮಾಜಕ್ಕೆ. ಇಂದಿನ ಜಿಪಿಎಸ್ ಸಾಧನಗಳು ಇದೇ ಕೆಲಸ ಮಾಡಬಲ್ಲವು. ಆದರೆ ಅದರ ಸಿಮ್‌ಗೆ ಹಣ ತುಂಬುವುದನ್ನು ಮರೆತರೆ ಅದು ಬರಿಯ ಪೆಟ್ಟಿಗೆ. ಮೊಬೈಲಿನಲ್ಲಿ ಕಾರಿನ ಜಾಡು ಕಂಡಿತೆಂದು ಮಾಲೀಕರೇ ಬೆನ್ನಟ್ಟಿ ಹೋಗುವುದು ಪ್ರಾಣಾಪಾಯ. ಅದು ಪೋಲೀಸರ ಕೆಲಸ.

ಕೂಗುವ ಅಲಾರಮಿನ ಬಗೆಗೂ ಎರಡು ಮಾತು ಹೇಳಬೇಕು. ಬೆಕ್ಕು ಹಾರಿದರೂ, ಪಟಾಕಿ ಸಿಡಿದರೂ ಚೀರುವ ಕಾರು ಕೆಲವೇ ದಿನಗಳಲ್ಲಿ ಬೀದಿಯ ನಂಬಿಕೆಯನ್ನು ಕಳೆದುಕೊಳ್ಳುತ್ತದೆ. ನಿಜವಾದ ಕಳ್ಳ ಬಂದ ರಾತ್ರಿ ಯಾರೂ ಕಿಟಕಿ ತೆರೆಯುವುದಿಲ್ಲ. ಅಷ್ಟರೊಳಗೆ ರೋಗಿಗಳ, ಹಸುಳೆಗಳ, ವೃದ್ಧರ ನಿದ್ರೆ ಹಾಳಾಗಿರುತ್ತದೆ. ಅಲಾರಮಿನ ಸೂಕ್ಷ್ಮತೆಯನ್ನು ಹದಗೊಳಿಸಿಕೊಳ್ಳುವುದು ನಾಗರಿಕ ಧರ್ಮ.

ಇನ್ನು ಕೆಲವರು ಏರ್‌ಕಂಡೀಷನರ್ ನಡೆಯುತ್ತಿರಲೆಂದು ಎಂಜಿನನ್ನು ಆರಿಸದೆ, ನಿದ್ರಿಸುವ ಮಗುವನ್ನು ಹಿಂದಿನ ಆಸನದಲ್ಲಿ ಬಿಟ್ಟು, 'ಎರಡೇ ನಿಮಿಷ' ಎಂದು ಅಂಗಡಿಗೆ ಇಳಿಯುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮಿನ ಪ್ರಕಾರ, ಪರವಾನಗಿಯುಳ್ಳವರು ಚಾಲಕನ ಆಸನದಲ್ಲಿ ಇಲ್ಲದಿದ್ದರೆ ಎಂಜಿನನ್ನು ನಿಲ್ಲಿಸಿ ಬ್ರೇಕು ಹಾಕಬೇಕಾದುದು ಕರ್ತವ್ಯ. ಕಾಯಿದೆಯ ಮಾತು ಹಾಗಿರಲಿ. ಆ ಎರಡು ನಿಮಿಷದಲ್ಲಿ ಕಳ್ಳನು ಒಯ್ಯುವುದು ಕಾರನ್ನು ಮಾತ್ರವಲ್ಲ ಎಂಬುದನ್ನು ತಾಯಿತಂದೆಯರು ನೆನೆಯಬೇಕು.

ಕೀಲಿಯನ್ನು ಪರರ ಕೈಗೆ ಕೊಡುವಾಗಲೂ ವಿವೇಕ ಬೇಕು. 1998ರಲ್ಲಿ ದೆಹಲಿಯ ಹೋಟೆಲೊಂದರಲ್ಲಿ ನಿಲ್ಲಿಸಲು ಕೊಟ್ಟ ಕಾರನ್ನು ಅನ್ಯರು ಕೀಲಿ ಎತ್ತಿಕೊಂಡು ಓಡಿಸಿಕೊಂಡು ಹೋದರು. 'ಮಾಲೀಕರ ಸ್ವಂತ ಹೊಣೆ' ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ, ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಪಾರಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. ಆದುದರಿಂದ ಚೀಟಿಯನ್ನು ಬೇಡಿ ಪಡೆದು ಜೋಪಾನವಾಗಿಟ್ಟುಕೊಳ್ಳುವುದು ಸಂಕೋಚದ ವಿಷಯವಲ್ಲ, ಹಕ್ಕಿನ ವಿಷಯ.

ಇಷ್ಟಾದರೂ ಕಳುವಾದರೆ ತಡಮಾಡದೆ ಪೋಲೀಸರಲ್ಲಿ ದೂರು ದಾಖಲಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಮಾಹಿತಿಯನ್ನು ವಿದ್ಯುನ್ಮಾನ ವಿಧಾನದಿಂದಲೂ ಕೊಟ್ಟು, ಮೂರು ದಿನಗಳೊಳಗೆ ಸಹಿ ಹಾಕಬಹುದು. ಪೋಲೀಸರಿಗೆ ಕೂಡಲೇ ತಿಳಿಸಿದ್ದರೆ, ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ಕಂಪನಿಗಳು ಎರಡೂ ಕೀಲಿಗಳನ್ನು ಕೇಳುತ್ತವೆಯಾದ್ದರಿಂದ ಎರಡನೆಯ ಕೀಲಿ ಮನೆಯಲ್ಲಿಯೇ ಇರಬೇಕು, ಕಾರಿನ ಖಾನೆಯಲ್ಲಲ್ಲ. ಹಳೆಯ ಕಾರು ಕೊಳ್ಳುವವರು ಎರಡೂ ಕೀಲಿಗಳನ್ನು ಪಡೆಯದೆ ಹಣ ಎಣಿಸಬಾರದು.

ಸರಕಾರವೂ ತನ್ನ ಪಾಲಿನ ಕೆಲಸವನ್ನು ಅರ್ಧ ಮಾಡಿದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ಹೊಲೋಗ್ರಾಮ್, ಲೇಸರಿನಿಂದ ಕೊರೆದ ಸಂಖ್ಯೆ, ಒಮ್ಮೆ ಬಿಚ್ಚಿದರೆ ಮತ್ತೆ ಕೂಡದ ಬೀಗ ಅದರಲ್ಲಿವೆ. ಮಹಾರಾಷ್ಟ್ರದಲ್ಲಿ ಹಳೆಯ ವಾಹನಗಳಿಗೂ ಅದನ್ನು ವಿಸ್ತರಿಸಿದುದು ಸರಿಯಾದ ಹೆಜ್ಜೆ. ಆದರೆ ಫಲಕವು ಕದ್ದ ಕಾರನ್ನು ಗುರುತಿಸಲು ನೆರವಾಗುತ್ತದೆಯೇ ಹೊರತು ಕದಿಯುವುದನ್ನು ತಡೆಯದು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎ.ಆರ್.ಎ.ಐ. ಸಂಸ್ಥೆ ಇರುವುದು ಇದೇ ಪುಣೆಯಲ್ಲಿ, 1966ರಿಂದ. ಅದು ಒಪ್ಪಿದ ಕಳವು ನಿರೋಧಕ ಸಾಧನಕ್ಕೆ ಹಳೆಯ ಮೋಟಾರು ವಿಮಾ ದರಪಟ್ಟಿಯಲ್ಲಿ ದೊರೆಯುತ್ತಿದ್ದ ರಿಯಾಯಿತಿ ಶೇಕಡಾ 2.5, ಅದೂ 500 ರೂಪಾಯಿಯ ಮಿತಿಯೊಳಗೆ. ಸಮಾಜಕ್ಕೆಲ್ಲ ಉಪಕಾರವಾಗುವ ಕಾರ್ಯಕ್ಕೆ ಇಷ್ಟು ಕೃಪಣತೆ ಸಲ್ಲದು. ಹಳೆಯ ಕಾರಿಗೆ ಇಮ್ಮೊಬಿಲೈಸರ್ ಹಾಕಿಸುವವನಿಗೆ ವಿಮೆಯಲ್ಲಿ ಕಣ್ಣಿಗೆ ಕಾಣುವಂಥ ವಿನಾಯಿತಿ ದೊರೆಯಬೇಕು. ವಸತಿ ಸಂಘಗಳು ಮುಂದಾಗಿ ಸದಸ್ಯರಿಗೆಲ್ಲ ಒಟ್ಟಿಗೆ ಸಾಧನಗಳನ್ನು ತರಿಸಿಕೊಟ್ಟರೆ ಬೆಲೆಯೂ ಇಳಿದೀತು.

ಹೊಸ ಕಾರಿನ ಪಕ್ಕದಲ್ಲಿ ನಿವೃತ್ತ ಗುಮಾಸ್ತರೊಬ್ಬರ ಹಳೆಯ ಮಾರುತಿ 800 ನಿಂತಿರುತ್ತದೆ. ಹೊಸದರ ಬೀಗ ಭದ್ರವಾದಷ್ಟೂ ಕಳ್ಳನ ಕಣ್ಣು ಹಳೆಯದರ ಮೇಲೆ ಬೀಳುತ್ತದೆ. ಆ ಮಾರುತಿಗೂ ಒಂದು ಬೀಗ ದೊರಕಿಸಿಕೊಟ್ಟ ದಿನವೇ ಆ ಬೀದಿಯ ಕಾರುಗಳೆಲ್ಲ ಸುರಕ್ಷಿತವೆನ್ನಬಹುದು.