ಗೂಗಿಯ ಕೂಗೂ ನಮ್ಮ ಅಂಜಿಕೆಯೂ

ನಮ್ಮ ವಸತಿಗೃಹದ ಹಿಂದಿನ ಹಳೆಯ ಮಾವಿನ ಮರದಲ್ಲಿ ಕೆಲವು ವರ್ಷಗಳ ಕೆಳಗೆ ಒಂದು ಜೋಡಿ ಗೂಗಿಗಳಿದ್ದವು. ಇರುಳಲ್ಲಿ ಅವುಗಳ ನಡುಗುದನಿಯ ಕೂಗನ್ನು ಕೇಳಿ ಚಿಕ್ಕ ಹುಡುಗಿಯರು ಅಂಜಿದರು. ಅಪಶಕುನದ ಮರವನ್ನು ಕಡಿಸಬೇಕೆಂದು ಪಾಲಕರಲ್ಲಿ ಕೆಲವರು ಒತ್ತಾಯಪಡಿಸಲು, ನಾವೂ ಒಪ್ಪಿಬಿಟ್ಟೆವು. ಮರವು ಉರುಳಿದ ಮೇಲೆ ಪೊಟರೆಯಲ್ಲಿ ತುಪ್ಪುಳಿನ ಎರಡು ಮರಿಗಳು ದೊರೆತವು, ಬದುಕಲಿಲ್ಲ. ಆ ಪಶ್ಚಾತ್ತಾಪವೇ ಈ ಲೇಖನಕ್ಕೆ ಕಾರಣವು.

ಇಂಗ್ಲಿಷಿನಲ್ಲಿ ಮಾಟಲ್ಡ್ ವುಡ್ ಔಲ್ ಎಂದು ಕರೆಯಿಸಿಕೊಳ್ಳುವ ಈ ಪಕ್ಷಿಯು ಬಹುಮಟ್ಟಿಗೆ ಭರತಖಂಡದಲ್ಲಿಯೇ ವಾಸಿಸತಕ್ಕದ್ದು. ಗಾತ್ರದಲ್ಲಿ ಕಾಗೆಗಿಂತ ತುಸು ದೊಡ್ಡದು. ತಲೆಯು ದುಂಡಗೆ, ಕಣ್ಣು ಕಪ್ಪಗೆ, ಮೈಮೇಲೆ ಕಂದು, ಕಪ್ಪು, ಬಿಳುಪುಗಳ ಚಿತ್ತಾರ. ದಟ್ಟವಾದ ಮಲೆಗಿಂತ ಊರ ಹೊರಗಿನ ಮಾವು, ಹುಣಸೆ, ಆಲಗಳ ತೋಪುಗಳೇ ಇದಕ್ಕೆ ಮೆಚ್ಚಿಕೆ. ಆದುದರಿಂದ ಮಾವಿಗೆ ಹೆಸರಾದ ನಮ್ಮ ಧಾರವಾಡ ಸೀಮೆಯು ಇದಕ್ಕೆ ತಕ್ಕ ನೆಲೆಯಾಗಿದೆ. ಹಗಲೆಲ್ಲ ಎಲೆಗಳ ಮರೆಯಲ್ಲಿ ಕುಳಿತಿದ್ದು, ಕತ್ತಲಾದೊಡನೆ ಸದ್ದಿಲ್ಲದೆ ಹಾರಿ ಇಲಿ, ಹಲ್ಲಿ, ದುಂಬಿಗಳನ್ನು ಹಿಡಿದು ತಿನ್ನುವದು. ಗೂಡನ್ನು ಕಟ್ಟುವದಿಲ್ಲ, ನವೆಂಬರದಿಂದ ಎಪ್ರಿಲದೊಳಗೆ ಮರದ ಪೊಟರೆಯಲ್ಲಿ 2-3 ಮೊಟ್ಟೆಗಳನ್ನಿಡುವದು.

ಗೂಗಿ ಕೂಗಿದರೆ ಮನೆಯಲ್ಲಿ ಸಾವಾಗುವದೆಂದು ನಮ್ಮಲ್ಲಿ ಹೇಳುವರು. ಆದರೆ ಅದು ಕೂಗುವದು ತನ್ನ ಜೊತೆಗಾರನಿಗಾಗಿ, ತನ್ನ ಸೀಮೆಯ ಕಾವಲಿಗಾಗಿ. ರೋಗಿಯಿರುವ ಮನೆಯವರು ಎಚ್ಚತ್ತಿರುವದರಿಂದ ಅದನ್ನು ಕೇಳುವರು. ನೆರೆಮನೆಯ ನಿರೋಗಿಗಳು ಅದೇ ಕೂಗಿನ ಕೆಳಗೆ ಸುಖವಾಗಿ ನಿದ್ರಿಸುವರು. ಇದೇ ಗೂಬೆಯ ಕುಲವನ್ನು ಬಂಗಾಳದವರು ಲಕ್ಷ್ಮಿಯ ವಾಹನವೆಂದು ಗೌರವಿಸುವರು. ಒಂದು ಪ್ರಾಂತದಲ್ಲಿ ಸಿರಿಯನ್ನು ಹೊತ್ತು ತರುವ ಹಕ್ಕಿಯು ಇನ್ನೊಂದರಲ್ಲಿ ಸಾವನ್ನು ತರುವದು ಹೇಗೆ?

ಇಂದು ನಮ್ಮ ಆವರಣದ ಹುಣಸೆಯಲ್ಲಿ ಮತ್ತೊಂದು ಜೋಡಿ ನೆಲೆಸಿದೆ. ಈ ಸಾರೆ ಮರವನ್ನು ಕಡಿಸಲಿಲ್ಲ. ಹುಡುಗಿಯರನ್ನೇ ಅದರ ಬುಡಕ್ಕೆ ಕರೆದೊಯ್ದೆವು. ಗೂಗಿಯು ಜೀರ್ಣವಾಗದೆ ಉಗುಳಿದ ಉಂಡೆಗಳನ್ನು ಅವರು ಬಿಡಿಸಿ ನೋಡಲು, ಇಲಿಗಳ ತಲೆಬುರುಡೆಗಳು ಹೊರಬಿದ್ದವು. ಅಂದಿನಿಂದ ಅವರ ಅಂಜಿಕೆ ಕಡಿಮೆಯಾಯಿತು.

ಹುಬ್ಬಳ್ಳಿ-ಧಾರವಾಡಗಳು ಬೆಳೆದಂತೆ ಹಳೆಯ ಮರಗಳು ಬೀಳುತ್ತಲಿವೆ. ಒಂದಕ್ಕೆ ಹತ್ತು ಸಸಿ ನೆಟ್ಟೆವೆಂದು ಸಮಾಧಾನಪಡುವವರುಂಟು. ಆದರೆ ಸಸಿಯಲ್ಲಿ ಪೊಟರೆಯಿರುವದಿಲ್ಲ. ಅದಾಗಲು ಹಲವು ದಶಕಗಳೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೂಬೆಯನ್ನು ಕೊಲ್ಲುವದೂ ಹಿಡಿದು ಮಾರುವದೂ ಅಪರಾಧವು. ಹೀಗಿದ್ದರೂ ಮಾಟಕ್ಕಾಗಿ ಅದನ್ನು ಹಿಡಿಯುವವರು ಇನ್ನೂ ಇರುವರು. ಕಾಯಿದೆಯು ಕೈಯನ್ನು ತಡೆದೀತು. ಮನಸ್ಸಿನ ಅಂಜಿಕೆಯನ್ನು ತೆಗೆಯಲಾರದು.

ಆ ಅಂಜಿಕೆಯು ಮಗುವಿಗೆ ಮೊದಲು ಬರುವದು ತೊಡೆಯ ಮೇಲೆ ಮಲಗಿಸಿಕೊಂಡು ಹೇಳುವ ಮಾತಿನಿಂದ. ಆದುದರಿಂದ, ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಇನ್ನು ಮೇಲೆ ಗೂಗಿ ಕೂಗಿದಾಗ ಕಿಟಕಿಯನ್ನು ಮುಚ್ಚಬೇಡಿರಿ. ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ಆ ಕೂಗನ್ನು ಕೇಳಿಸಿರಿ. ನಿಮ್ಮ ಹಿತ್ತಲಿನಲ್ಲಿ ಪೊಟರೆಯ ಮರವಿದ್ದರೆ, ಕೊಡಲಿ ಹಾಕಿಸುವ ಮೊದಲು ಒಳಗೆ ಯಾರಿರುವರೆಂದು ನೋಡಿರಿ. ನಾವು ನೋಡಲಿಲ್ಲ.