ಏಪ್ರಿಲ್ 10ರ ಟಿ.ಸಿ.

ಹಳೇಕೋಟೆಯಲ್ಲಿ ಏಪ್ರಿಲ್ 10ರಂದು ಏಳನೆಯ ತರಗತಿಯ ಫಲಿತಾಂಶ ಓದಿ ಮುಗಿಸಿದ್ದೆ. ಒಬ್ಬ ತಂದೆ ಬಂದು, "ಮಗಳ ಟಿ.ಸಿ. ಕೊಟ್ಬಿಡಿ ಮೇಡಮ್ಮೋರೆ" ಎಂದರು. ಯಾವ ಹೈಸ್ಕೂಲಿಗೆ ಎಂದೆ. "ಹೈಸ್ಕೂಲಿಗಲ್ಲ, ಹಾಸನದಲ್ಲಿ ಒಬ್ರು ಮಗು ಆಡ್ಸೋಕೆ ಕೇಳವ್ರೆ."

ಹುಡುಗಿಗೆ ಇನ್ನೂ 13 ತುಂಬಿಲ್ಲ. ಲೆಕ್ಕದಲ್ಲಿ ತರಗತಿಗೇ ಮೊದಲು.

ಬಡ ಅಪ್ಪನನ್ನು ಬೈಯುವುದು ಸುಲಭ. ನನಗೆ ಸಿಟ್ಟಿರುವುದು ಕೇಳಿ ಕಳಿಸಿದ ಆ ಮನೆಯಾಕೆಯ ಮೇಲೆ. ಆಕೆಯೂ ನನ್ನಂತೆ ಓದಿದವರೇ, ಬಹುಶಃ ಇಂಥ ಪುಸ್ತಕಗಳನ್ನೂ ಓದುವವರು. 14ರೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರಿಂದಲೇ ಅಪರಾಧ. 2009ರ ಶಿಕ್ಷಣ ಹಕ್ಕು ಕಾಯ್ದೆ ಆ ವಯಸ್ಸಿನವರೆಗೆ ಶಾಲೆ ಎನ್ನುತ್ತದೆ. "ಮನೆ ಮಗಳ ಹಾಗೇ ನೋಡ್ಕೋತೀವಿ" ಅನ್ನುತ್ತೀರಲ್ಲ, ನಿಮ್ಮ ಮಗಳನ್ನು ಏಳಕ್ಕೇ ಬಿಡಿಸಿದ್ದೀರಾ ತಾಯಿ?

ಹೈಸ್ಕೂಲಿನ ಹೆಸರು ಹೇಳುವವರೆಗೆ ನಾನಂತೂ ಟಿ.ಸಿ. ಬರೆಯುವುದಿಲ್ಲ ಎಂದು ಅವರಪ್ಪನಿಗೆ ಹೇಳಿ ಕಳಿಸಿದ್ದೇನೆ.